ಟೋಕನ್ ಕೊಡುವ ಮುಂಚೆ

ಡೊಂಬಿವಲಿಯಲ್ಲಿ ಮನೆ ನೋಡಲು ಹೊರಟ ಕುಟುಂಬಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸ್ಟೇಶನ್ನಿಗೆ ನಡೆದರೆ ಎಷ್ಟು ನಿಮಿಷ? ನೀರು ಎಷ್ಟು ಹೊತ್ತು ಬರುತ್ತದೆ? ಮೇಂಟೆನೆನ್ಸ್ ಎಷ್ಟು? ಬಾಗಿಲು ಯಾವ ದಿಕ್ಕಿಗಿದೆ? ಸೊಸೈಟಿಯಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ? ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿದು ದಾದರಿಗೋ ಸಿಎಸ್‌ಎಂಟಿಗೋ ಹೋಗುವವರಿಗೆ ಸ್ಟೇಶನ್ ದೂರವಾಯಿತೆಂದರೆ ನಿತ್ಯ ಅರ್ಧ ಗಂಟೆ ನಿದ್ದೆ ಹೋಯಿತೆಂದೇ ಲೆಕ್ಕ. ಆದರೆ ಈ ಸ್ಲ್ಯಾಬಿನ ಒಳಗಿರುವ ಕಬ್ಬಿಣ ಯಾವ ಸ್ಥಿತಿಯಲ್ಲಿದೆ, ಈ ಕಟ್ಟಡಕ್ಕೆ ಮಹಾನಗರಪಾಲಿಕೆ ನಿಜವಾಗಿಯೂ ಪರವಾನಗಿ ಕೊಟ್ಟಿದೆಯೇ ಎಂಬೆರಡು ಪ್ರಶ್ನೆಗಳನ್ನು ಕೇಳುವವರು ವಿರಳ. ಕೇಳಿದರೂ ಉತ್ತರ ಕೊಡುವವನು ದಲ್ಲಾಳಿ. ವ್ಯವಹಾರ ಮುಗಿದರೆ ಮಾತ್ರ ಕಮಿಷನ್ ಸಿಗುವ ಮನುಷ್ಯನಿಂದ ಈ ಎರಡಕ್ಕೆ ನೇರ ಉತ್ತರ ನಿರೀಕ್ಷಿಸುವುದು ಕಷ್ಟ.

2024ರ ನವೆಂಬರ್ 19ರಂದು ಬಾಂಬೆ ಹೈಕೋರ್ಟ್ ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆ ವ್ಯಾಪ್ತಿಯ 65 ಅಕ್ರಮ ಕಟ್ಟಡಗಳನ್ನು ಕೆಡವಬೇಕೆಂದು ಆದೇಶಿಸಿತು. ಈ ಪ್ರಕರಣವನ್ನು ಮನೆ ಕೊಳ್ಳುವ ಪ್ರತಿಯೊಬ್ಬರೂ ಸಾವಧಾನವಾಗಿ ತಿಳಿದುಕೊಳ್ಳಬೇಕು. ಪಾಲಿಕೆಯ ಹೆಸರಿನಲ್ಲಿ ಖೋಟಾ ಕಾಮಗಾರಿ ಆರಂಭ ಪತ್ರಗಳು, ಇಲ್ಲಿನವರ ಬಾಯಲ್ಲಿ ಸಿಸಿ, ತಯಾರಾದವು. ಅವನ್ನು ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರವಾದ ಮಹಾರೇರಾಕ್ಕೆ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆಯಲಾಯಿತು. ಆ ಸಂಖ್ಯೆ ನೋಡಿ ಜನ ನಂಬಿದರು, ಬ್ಯಾಂಕುಗಳು ಗೃಹಸಾಲ ಮಂಜೂರು ಮಾಡಿದವು, ಉಪನೋಂದಣಿ ಕಚೇರಿಯಲ್ಲಿ ಕರಾರುಗಳು ನೋಂದಣಿಯಾದವು, ಗೃಹಪ್ರವೇಶಗಳೂ ನಡೆದವು. ವಾಸ್ತುಶಿಲ್ಪಿಯೊಬ್ಬರು ದಾಖಲೆಗಳ ಬೆನ್ನು ಹತ್ತಿ ನ್ಯಾಯಾಲಯಕ್ಕೆ ಹೋದ ಮೇಲೆ, ಈ ಪತ್ರಗಳನ್ನು ತಾನು ಕೊಟ್ಟೇ ಇಲ್ಲವೆಂಬುದನ್ನು ಪಾಲಿಕೆ ಒಪ್ಪಿಕೊಂಡಿತು. ಪೊಲೀಸ್ ವಿಶೇಷ ತನಿಖಾ ತಂಡ ಬಂತು, ಜಾರಿ ನಿರ್ದೇಶನಾಲಯವೂ ಬಂತು. ಕಂತು ಕಟ್ಟುತ್ತಲೇ ಇದ್ದ ಸಾವಿರಾರು ಕುಟುಂಬಗಳ ಮನೆಗಳು ಕೆಡಹುವ ಪಟ್ಟಿಯಲ್ಲಿದ್ದವು.

ಆ ಕುಟುಂಬಗಳು ದುಡುಕಿದವು ಎನ್ನುವಂತಿಲ್ಲ. ರೇರಾ ನಂಬರ್ ನೋಡಿ, ಬ್ಯಾಂಕ್ ಸಾಲ ಸಿಗುತ್ತದೆಯೇ ನೋಡಿ, ನೋಂದಣಿ ಮಾಡಿಸಿ, ಲೈಟ್ ಬಿಲ್ ನೋಡಿ, ಆಸ್ತಿ ತೆರಿಗೆ ರಸೀದಿ ನೋಡಿ ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳುತ್ತ ಬಂದ ಬುದ್ಧಿಮಾತನ್ನೇ ಅವರೂ ಪಾಲಿಸಿದ್ದರು. ಇವುಗಳಲ್ಲಿ ಒಂದೂ ಕಟ್ಟಡ ಸಕ್ರಮವೆಂಬುದಕ್ಕೆ ಪುರಾವೆಯಲ್ಲ. ಉಪನೋಂದಣಾಧಿಕಾರಿ ದಸ್ತಾವೇಜನ್ನು ನೋಂದಾಯಿಸುತ್ತಾರೆಯೇ ಹೊರತು ಕಟ್ಟಡದ ಪರವಾನಗಿಗೆ ಹೊಣೆ ಹೊರುವುದಿಲ್ಲ. ವಿದ್ಯುತ್ ಕಂಪನಿಗೆ ಬೇಕಾದದ್ದು ಬಿಲ್ ಕಟ್ಟುವ ಗ್ರಾಹಕ. ತೆರಿಗೆ ರಸೀದಿಯ ಸಂಗತಿ ಇನ್ನೂ ವಿಚಿತ್ರ. ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಯ 267ಎ ಕಲಮಿನಡಿ ಅಕ್ರಮ ಕಟ್ಟಡಕ್ಕೆ ತೆರಿಗೆಯ ಜೊತೆಗೆ ದಂಡ ಹಾಕಿ ವಸೂಲಿ ಮಾಡುವ ಅಧಿಕಾರ ಪಾಲಿಕೆಗಿದೆ, ಹಾಗೆ ವಸೂಲಿ ಮಾಡಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದೂ ಇಲ್ಲ. ಕರ್ನಾಟಕದಲ್ಲಿ ಬಿ ಖಾತಾ ಎಂದರೆ ಏನೆಂದು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಸರಕಾರಕ್ಕೆ ಹಣ ಕಟ್ಟಿದ ರಸೀದಿಯೇ ಹಕ್ಕುಪತ್ರವೆಂದು ತಿಳಿದು ಮೋಸಹೋದವರು ಬೆಂಗಳೂರಿನಲ್ಲೂ ಕಡಿಮೆಯಿಲ್ಲ.

ಈ ಭಾಗದ ಭೂಮಿಯ ಚರಿತ್ರೆಯೇ ತೊಡಕಿನದು. ಕಲ್ಯಾಣ್-ಡೊಂಬಿವಲಿಯ ಅಂಚಿನ 27 ಹಳ್ಳಿಗಳು ಒಮ್ಮೆ ಪಾಲಿಕೆಯೊಳಗಿದ್ದವು, 2002ರಲ್ಲಿ ಹೊರಗೆ ಹೋದವು, 2015ರಲ್ಲಿ ಮತ್ತೆ ಒಳಗೆ ಬಂದವು, 2020ರಲ್ಲಿ ಅವುಗಳಲ್ಲಿ 18ನ್ನು ಬೇರೆ ಮಾಡುವ ಪ್ರಯತ್ನವೂ ನಡೆಯಿತು. ಯಾವ ವರ್ಷ ಯಾವ ಕಚೇರಿಗೆ ಪರವಾನಗಿ ಕೊಡುವ ಅಧಿಕಾರವಿತ್ತು ಎಂಬುದನ್ನು ಬಿಡಿಸಿ ನೋಡುವುದೇ ಅಲ್ಲಿ ಒಂದು ಕೆಲಸ. ಗ್ರಾಮ ಪಂಚಾಯಿತಿಯ ಮೊಹರು ಬಿದ್ದ ಕಾಗದ ತೋರಿಸಿ ಏಳಂತಸ್ತಿನ ಕಟ್ಟಡದ ಫ್ಲ್ಯಾಟು ಮಾರುವವರು ಸಿಕ್ಕರೆ, ಅಷ್ಟೆತ್ತರದ ಕಟ್ಟಡಕ್ಕೆ ಪರವಾನಗಿ ಕೊಡುವ ಅಧಿಕಾರ ಪಂಚಾಯಿತಿಗೆ ಇತ್ತೇ ಎಂದು ಕೇಳಲೇಬೇಕು.

ನವಿಮುಂಬಯಿಯ ಕಥೆ ಬೇರೆ. 1970ರಲ್ಲಿ ಸ್ಥಾಪನೆಯಾದ ಸರಕಾರಿ ನಗರಾಭಿವೃದ್ಧಿ ನಿಗಮ ಸಿಡ್ಕೊ 95 ಹಳ್ಳಿಗಳ ಜಮೀನಿನಲ್ಲಿ ಹೊಸ ಶಹರ ಕಟ್ಟಲು ಹೊರಟಿತು. ಸೆಕ್ಟರುಗಳಲ್ಲಿ ನಿವೇಶನಗಳನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟಿತು. ಅಲ್ಲಿ ಮನೆ ಕೊಳ್ಳುವವರು ಗುತ್ತಿಗೆ ಕರಾರಿನಲ್ಲಿ ಎಷ್ಟು ವರ್ಷ ಉಳಿದಿದೆ, ಹಸ್ತಾಂತರಕ್ಕೆ ಸಿಡ್ಕೊ ಒಪ್ಪಿಗೆ ಸಿಕ್ಕಿದೆಯೇ, ಹಿಂದಿನ ಮಾರಾಟಗಳೆಲ್ಲ ಆ ದಫ್ತರದಲ್ಲಿ ದಾಖಲಾಗಿವೆಯೇ ಎಂದು ನೋಡಬೇಕು. ಸೆಕ್ಟರು ಮುಗಿದು ಗಾವ್‌ಠಾಣ್ ಶುರುವಾಗುವಲ್ಲಿ ದರ ಒಮ್ಮೆಲೇ ಇಳಿಯುತ್ತದೆ. ಹಳ್ಳಿಯ ಮೂಲ ವಸತಿ ಜಾಗದಲ್ಲಿ, ಅದರ ಸುತ್ತಲ ಜಮೀನಿನಲ್ಲಿ ಅನುಮತಿಯಿಲ್ಲದೆ ಎದ್ದ ಕಟ್ಟಡಗಳು ಅಲ್ಲಿ ಬಹಳ. ದೀಘಾದಲ್ಲಿ 99 ಅಕ್ರಮ ಕಟ್ಟಡಗಳ ವಿಚಾರ 2015ರಲ್ಲಿ ಹೈಕೋರ್ಟಿನ ಮುಂದೆ ಬಂದಾಗ, ಕೈಗಾರಿಕಾ ನಿಗಮ ಎಂಐಡಿಸಿ ಮತ್ತು ಸಿಡ್ಕೊ ಜಮೀನಿನ ಮೇಲೆ ನಿಂತ ಮನೆಗಳ ಮುಂದೆ ಬುಲ್ಡೋಜರು ನಿಂತಿತು. ನವಿಮುಂಬಯಿ ವಿಮಾನ ನಿಲ್ದಾಣ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲಂತೂ ಪನ್ವೇಲ್-ಉಲ್ವೆ ಕಡೆ ಆತುರ ಇನ್ನೂ ಹೆಚ್ಚಿದೆ. ಇವತ್ತು ಟೋಕನ್ ಕೊಡದಿದ್ದರೆ ನಾಳೆ ರೇಟು ಏರುತ್ತದೆ ಎಂಬ ಮಾತಿಗೆ ಅಲ್ಲಿ ಬೆದರಬಾರದು.

ಅಕ್ರಮವೆಂದರೆ ಬರೀ ಕಾಗದದ ದೋಷ, ಮುಂದೆ ಯಾವುದೋ ಸರಕಾರ ಸಕ್ರಮ ಮಾಡುತ್ತದೆ ಎಂಬ ಭರವಸೆ ಜನರಲ್ಲಿದೆ. ಆದರೆ ಮುಂಬ್ರಾ ಬಳಿಯ ಶೀಳ್‌ಫಾಟಾದ ಅಕ್ರಮ ಲಕ್ಕಿ ಕಾಂಪೌಂಡ್ ಕಟ್ಟಡ 2013ರ ಏಪ್ರಿಲ್ 4ರಂದು ಕುಸಿದಾಗ ಸತ್ತವರು 74 ಜನ. ಅರಣ್ಯ ಜಮೀನಿನಲ್ಲಿ ಕೆಲವೇ ತಿಂಗಳಲ್ಲಿ ಏಳಂತಸ್ತು ಏರಿಸಿ, ಮೇಲೆ ಇನ್ನೂ ಕೆಲಸ ನಡೆಯುತ್ತಿರುವಾಗಲೇ ಕೆಳಗೆ ಜನರನ್ನು ತುಂಬಿದ್ದರು. ಪರವಾನಗಿಯಿಲ್ಲದ ಕಟ್ಟಡವೆಂದರೆ ಅದರ ನಕ್ಷೆಯನ್ನು, ಕಬ್ಬಿಣದ ಲೆಕ್ಕವನ್ನು, ಪಾಯದ ಕೆಳಗಿನ ಮಣ್ಣನ್ನು ಯಾವ ಇಂಜಿನಿಯರೂ ಹೊಣೆ ಹೊತ್ತು ನೋಡಿಲ್ಲವೆಂದೇ ಅರ್ಥ. ಕಾಗದ ಸುಳ್ಳಾದ ಕಡೆ ಕಾಂಕ್ರೀಟು ನಿಜವಾಗಿರುತ್ತದೆಂದು ನಂಬಲು ಕಾರಣವಿಲ್ಲ.

ಕಾಗದ ನೇರವಾಗಿದ್ದರೂ ಕಾಂಕ್ರೀಟನ್ನು ಬೇರೆಯಾಗಿಯೇ ನೋಡಬೇಕು. ಕಲ್ಯಾಣ್ ಪೂರ್ವದ ಸಪ್ತಶೃಂಗಿ ಕಟ್ಟಡದಲ್ಲಿ 2025ರ ಮೇ 20ರಂದು ನಾಲ್ಕನೆಯ ಮಹಡಿಯ ಮನೆಯೊಂದರಲ್ಲಿ ನೆಲಹಾಸಿನ ಕೆಲಸ ನಡೆದಿತ್ತು. ಸ್ಲ್ಯಾಬು ಕುಸಿದು ಒಂದರ ಮೇಲೊಂದಾಗಿ ಕೆಳಗಿನವರೆಗೆ ಬಿತ್ತು, ಆರು ಜನ ಸತ್ತರು. ಹಿಂದಿನ ವರ್ಷ, 2024ರ ಜುಲೈ 27ರ ನಸುಕಿನಲ್ಲಿ, ಬೇಲಾಪುರದ ಶಹಬಾಜ್ ಹಳ್ಳಿಯಲ್ಲಿ ನಾಲ್ಕಂತಸ್ತಿನ ಕಟ್ಟಡ ನೆಲಕ್ಕೊರಗಿ ಮೂವರು ಸತ್ತರು. ಬಿರುಕು ಕಂಡವರು ಕೂಗಿ ಎಬ್ಬಿಸಿದ್ದರಿಂದ ಉಳಿದವರು ಹೊರಗೋಡಿ ಬಂದರು. ಆ ಕಟ್ಟಡಕ್ಕೆ ಸುಮಾರು ಹತ್ತು ವರ್ಷ ವಯಸ್ಸು. ಹಳೆಯದಾದರೆ ಭಯ, ಹೊಸದಾದರೆ ನಿಶ್ಚಿಂತೆ ಎಂಬ ನಮ್ಮ ಲೆಕ್ಕ ಅಲ್ಲಿ ಸುಳ್ಳಾಯಿತು.

ಇಲ್ಲಿನ ಕಟ್ಟಡಗಳನ್ನು ಕೊಲ್ಲುವುದು ನೀರು. ಠಾಣೆ ಜಿಲ್ಲೆಯ ಮಳೆ ನಾಲ್ಕು ತಿಂಗಳು ಬಿಡದೆ ಹೊಡೆಯುತ್ತದೆ, ಖಾಡಿಯ ಕಡೆಯಿಂದ ಉಪ್ಪುಗಾಳಿ ಬೀಸುತ್ತದೆ. ಒಳ್ಳೆಯ ಕಾಂಕ್ರೀಟು ಕ್ಷಾರಗುಣದ್ದು, ಆ ಕ್ಷಾರದೊಳಗೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷವರ್ಷ ಒಳಗಿಳಿದು ಕ್ಷಾರವನ್ನು ತಿನ್ನುತ್ತ ಹೋಗುತ್ತದೆ. ಅದು ಸರಳನ್ನು ಮುಟ್ಟಿದ ದಿನ ನೀರೂ ಅಲ್ಲಿದ್ದರೆ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಹಿಗ್ಗುತ್ತದೆ, ಹಿಗ್ಗಿ ಸುತ್ತಲ ಕಾಂಕ್ರೀಟನ್ನು ಒಡೆಯುತ್ತದೆ. ಸ್ಲ್ಯಾಬಿನ ಕೆಳಗೆ ಸರಳಿನ ಗೆರೆಯುದ್ದಕ್ಕೂ ಬಿರುಕು ಕಂಡರೆ ಅದು ಪ್ಲಾಸ್ಟರಿನ ಬಿರುಕಲ್ಲ, ಒಳಗಿನ ಕಬ್ಬಿಣದ್ದು. ಮಾರುವವರು ಇದರ ಮೇಲೆ ಪುಟ್ಟಿ ಹಚ್ಚಿ ಬಣ್ಣ ಬಳಿಯುತ್ತಾರೆ, ಇಲ್ಲವೇ ಪಿಓಪಿ ಸೀಲಿಂಗ್ ಹಾಕಿ ಮುಚ್ಚುತ್ತಾರೆ. ಸೀಲಿಂಗಿನ ಒಂದು ತುಂಡು ತೆಗೆಸಿ ಮೇಲೆ ನೋಡಲು ಬಿಡದ ಮಾರಾಟಗಾರರ ಮನೆ ಕೊಳ್ಳಬೇಡಿ.

ಒಬ್ಬ ನುರಿತ ಸ್ಟ್ರಕ್ಚರಲ್ ಇಂಜಿನಿಯರ್ ಬಂದರೆ ಮೊದಲು ನೋಡುವುದು ಮನೆಯನ್ನಲ್ಲ, ಟೆರೇಸನ್ನು. ಬ್ರಿಕ್‌ಬ್ಯಾಟ್ ಕೋಬಾ, ಅಂದರೆ ಇಟ್ಟಿಗೆ ಚೂರಿನ ಜಲನಿರೋಧಕ ಪದರ, ಎಲ್ಲಿ ಬಾಯಿ ಬಿಟ್ಟಿದೆ, ನೀರಿನ ಟಾಂಕಿಯ ಕೆಳಗಿನ ತೊಲೆಗಳು ಹೇಗಿವೆ, ಸೋರಿಕೆಗೆ ಹೆದರಿ ಪತ್ರಾ ಶೆಡ್ ಹಾಕಿದ್ದಾರೆಯೇ ಎಂದು ನೋಡುತ್ತಾರೆ. ಆಮೇಲೆ ಕೆಳಗಿಳಿದು ಪಾರ್ಕಿಂಗಿನ ಕಂಬಗಳ ಬುಡ ನೋಡುತ್ತಾರೆ. ಮನೆಯೊಳಗೆ ಬಂದರೆ ನೇರ ಬಚ್ಚಲಿಗೆ. ಮೇಲಿನ ಮನೆಯ ನ್ಹಾನಿ ಟ್ರ್ಯಾಪ್ (ಬಚ್ಚಲ ನೀರು ಹೋಗುವ ಕಿಂಡಿ) ಸುತ್ತಲಿನ ಒದ್ದೆ ಮುಂಬಯಿ ಭಾಗದ ಫ್ಲ್ಯಾಟುಗಳ ಅತಿ ಸಾಮಾನ್ಯ ರೋಗ. ಅದು ಎರಡು ಮನೆಗಳ ನಡುವಿನ ಜಗಳವಾಗಿ ವರ್ಷಗಟ್ಟಲೆ ಉಳಿಯುತ್ತದೆ, ಅಷ್ಟರಲ್ಲಿ ಸ್ಲ್ಯಾಬು ಕೊಳೆಯುತ್ತದೆ. ಛಜ್ಜಾ, ಬಾಲ್ಕನಿಯ ಅಂಚು, ಹೂಕುಂಡದ ಜಾಗವನ್ನು ಸೇರಿಸಿ ಕೋಣೆ ಹಿಗ್ಗಿಸಿರುವುದು, ಹಾಲ್ ದೊಡ್ಡದಾಗಲೆಂದು ತೆಗೆದ ಗೋಡೆ, ಒಂದರ ಮೇಲೊಂದು ಹಾಕಿದ ಟೈಲ್ಸಿನ ಭಾರ ಎಲ್ಲವನ್ನೂ ಮಂಜೂರಾದ ನಕ್ಷೆಯ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ.

ಕಣ್ಣಿಗೆ ಕಂಡದ್ದು ಸಾಲದು ಎನಿಸಿದರೆ ಉಪಕರಣಗಳಿವೆ. ರಿಬೌಂಡ್ ಹ್ಯಾಮರ್ ಕಾಂಕ್ರೀಟಿನ ಮೇಲ್ಮೈ ಗಟ್ಟಿತನ ಹೇಳುತ್ತದೆ. ಅಲ್ಟ್ರಾಸೋನಿಕ್ ಪರೀಕ್ಷೆ ಒಳಗಿನ ಪೊಳ್ಳು, ಬಿರುಕುಗಳನ್ನು ಹೇಳುತ್ತದೆ. ಹಾಫ್‌ಸೆಲ್ ಪರೀಕ್ಷೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ಸಂಭವವನ್ನು ಅಳೆಯುತ್ತದೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಫಿನಾಫ್ತಲೀನ್ ಪರೀಕ್ಷೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಆ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗುಲಾಬಿಯಾಗುತ್ತದೆ, ಕ್ಷಾರ ಕಳೆದುಕೊಂಡ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಇಂಜಿನಿಯರಿಂಗ್ ಓದದ ಗೃಹಿಣಿಯೂ ನಿಂತಲ್ಲೇ ನೋಡಿ ತಿಳಿಯಬಹುದಾದ ಸತ್ಯ ಅದು.

ಇವೆಲ್ಲ ಪರೀಕ್ಷೆಗಳನ್ನು ಕೊಳ್ಳುವವರೇ ಮಾಡಿಸಬೇಕೆಂದಿಲ್ಲ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಗಳಿಗೆ 5 ವರ್ಷಕ್ಕೊಮ್ಮೆ, 30 ದಾಟಿದವಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. 30 ವರ್ಷ ದಾಟಿದ ಕಟ್ಟಡದ ಭದ್ರತೆಯ ಪ್ರಮಾಣಪತ್ರವನ್ನು ಪಾಲಿಕೆಗೆ ಸಲ್ಲಿಸಬೇಕೆಂದು ಮಹಾನಗರಪಾಲಿಕೆ ಕಾಯ್ದೆಯ 265ಎ ಕಲಮು ಹೇಳುತ್ತದೆ. ಆದ್ದರಿಂದ ಸೆಕ್ರೆಟರಿಯನ್ನು ಕಂಡಾಗ ಎನ್‌ಓಸಿಗಿಂತ ಮೊದಲು ಆಡಿಟ್ ವರದಿ ಕೇಳಿ. ಕಟ್ಟಡವನ್ನು ಸಿ-1 ಎಂದು ಗುರುತಿಸಿದ್ದರೆ ಅದು ಅತ್ಯಂತ ಅಪಾಯಕಾರಿ, ತೆರವು ಮಾಡಿ ಕೆಡವಬೇಕಾದದ್ದು. ಸಿ-2ಎ ಎಂದರೆ ಖಾಲಿ ಮಾಡಿಸಿ ದುರಸ್ತಿ, ಸಿ-2ಬಿ ಎಂದರೆ ಜನರಿರುವಾಗಲೇ ದುರಸ್ತಿ, ಸಿ-3 ಎಂದರೆ ಸಣ್ಣಪುಟ್ಟ ದುರಸ್ತಿ. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಠಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ ಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತವೆ, ಅದನ್ನೂ ನೋಡಿ. ಆಡಿಟ್ ಆಗಿಯೇ ಇಲ್ಲ ಎಂಬ ಉತ್ತರ ಬಂದರೆ ನಿಮ್ಮ ಖರ್ಚಿನಲ್ಲಿ ಇಂಜಿನಿಯರನ್ನು ಕರೆಸುವುದು ಬಿಟ್ಟರೆ ದಾರಿಯಿಲ್ಲ. ಸಿಂಕಿಂಗ್ ಫಂಡಿನಲ್ಲಿ ಎಷ್ಟಿದೆ, ಹಿಂದಿನ ಮಹಾಸಭೆಯಲ್ಲಿ ದುರಸ್ತಿಯ ಬಗ್ಗೆ ಏನು ಠರಾವಾಗಿದೆ ಎಂದೂ ಕೇಳಿ. ಇವತ್ತು ಅಗ್ಗಕ್ಕೆ ಸಿಕ್ಕ ಮನೆಯ ಮೇಲೆ ಮುಂದಿನ ವರ್ಷ ಲಕ್ಷಗಟ್ಟಲೆ ದುರಸ್ತಿ ವಂತಿಗೆ ಬಿದ್ದೀತು.

ಇಲ್ಲಿ ಹೆಚ್ಚಿನವರು ಹೇಳುವ ಮಾತೊಂದಿದೆ: ಬ್ಯಾಂಕಿನವರು ಬಂದು ನೋಡಿ ಹೋಗಿದ್ದಾರೆ. ಬ್ಯಾಂಕ್ ಕಳಿಸುವವರು ಮೌಲ್ಯಮಾಪಕರು. ಸಾಲ ಮರಳದಿದ್ದರೆ ಈ ಆಸ್ತಿ ಮಾರಿ ಎಷ್ಟು ಹಣ ಬಂದೀತು ಎಂದು ಹೇಳುವುದು ಅವರ ಕೆಲಸ. ಶುಲ್ಕ ನೀವು ಕಟ್ಟಿದರೂ ವರದಿ ಬ್ಯಾಂಕಿನದು, ನಿಮ್ಮ ಕೈಗೆ ಬರುವುದೂ ಅಪರೂಪ. ಡೊಂಬಿವಲಿಯ ಆ ಕಟ್ಟಡಗಳಲ್ಲೂ ಬ್ಯಾಂಕ್ ಸಾಲ ಪಡೆದ ಮನೆಗಳಿದ್ದವು. ಇಂಗ್ಲೆಂಡಿನಲ್ಲಿ ಈ ಎರಡನ್ನು ಬೇರೆಯಾಗಿಯೇ ಇಟ್ಟಿದ್ದಾರೆ. ಸಾಲ ಕೊಡುವವರ ಮೌಲ್ಯಮಾಪನ ಒಂದು, ಕೊಳ್ಳುವವರು ತಾವೇ ಮಾಡಿಸುವ ಸರ್ವೆ ಇನ್ನೊಂದು. 1868ರಲ್ಲಿ ಶುರುವಾದ ಸರ್ವೇಯರುಗಳ ಸಂಸ್ಥೆ ಅಲ್ಲಿ ಮೂರು ಹಂತದ ಸರ್ವೆಗೆ ನಿಯಮ ಹಾಕಿಕೊಟ್ಟಿದೆ. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರಿನಿಂದ ಮನೆಯ ವರದಿಯನ್ನು ಮಾರುವವರೇ ಒದಗಿಸಬೇಕು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಮನೆ ತಪಾಸಣೆ ಮಾಡುತ್ತೇವೆಂದು ಬೋರ್ಡು ಹಾಕಲು ಪ್ರತ್ಯೇಕ ಲೈಸೆನ್ಸೂ ಬೇಕಿಲ್ಲ. ಹಾಗಾಗಿ ಆರಿಸುವ ಜವಾಬ್ದಾರಿ ಪೂರ್ತಿ ನಮ್ಮದೇ.

ಹೇಗೆ ಆರಿಸಬೇಕು? ಮೊದಲಿಗೆ, ಒಬ್ಬರಿಂದಲೇ ಎಲ್ಲವೂ ಆಗದು ಎಂಬುದನ್ನು ಒಪ್ಪಿಕೊಳ್ಳಬೇಕು. ಒಡೆತನದ ಚರಿತ್ರೆ ಶೋಧಿಸುವುದು ವಕೀಲರ ಕೆಲಸ. ಅವರು ನಮ್ಮ ಪಹಣಿಯಂಥ ಸಾತ್‌ಬಾರಾ ಉತಾರಾ, ಫೇರ್‌ಫಾರ್, ಪ್ರಾಪರ್ಟಿ ಕಾರ್ಡ್, ಇಂಡೆಕ್ಸ್ 2 ತೆಗೆಸಿ, ಮೂವತ್ತು ವರ್ಷ ಹಿಂದಕ್ಕೆ ಹೋಗಿ ನೋಡುತ್ತಾರೆ. ಈ ಕಾಗದಗಳೆಲ್ಲ ಮರಾಠಿಯಲ್ಲಿರುತ್ತವೆ. ಊರಿನಿಂದ ಹಣ ಕಳಿಸುವ ಅಪ್ಪ-ಅಮ್ಮನಿಗೆ ಒಂದು ಅಕ್ಷರವೂ ಅರ್ಥವಾಗದೆ ಹೋಗಬಹುದು, ಆದ್ದರಿಂದ ಸಾರಾಂಶವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಬರೆಸಿಕೊಳ್ಳಿ. ಪರವಾನಗಿ ನಿಜವೇ ಎಂದು ಪಾಲಿಕೆಯ ನಗರ ರಚನಾ ವಿಭಾಗದಲ್ಲಿ ಮೂಲ ಕಡತದೊಂದಿಗೆ ತಾಳೆ ನೋಡುವುದು, ಓಸಿ ಅಂದರೆ ಸ್ವಾಧೀನಾನುಭವ ಪತ್ರ ಇಡೀ ಕಟ್ಟಡಕ್ಕೋ ಅರ್ಧಕ್ಕೋ ಎಂದು ನೋಡುವುದು, ಕಾರ್ಪೆಟ್ ಏರಿಯಾ ಅಳೆಯುವುದು ವಾಸ್ತುಶಿಲ್ಪಿಯ ಕೆಲಸ. ಕಟ್ಟಡದ ಬಲ ನೋಡುವುದು ಸ್ಟ್ರಕ್ಚರಲ್ ಇಂಜಿನಿಯರರ ಕೆಲಸ. ಡೊಂಬಿವಲಿ ಪ್ರಕರಣದಲ್ಲಿ ಯಾರಾದರೂ ಪಾಲಿಕೆಯ ಕಡತದಲ್ಲಿ ಆ ಸಿಸಿ ನಂಬರನ್ನು ಹುಡುಕಿದ್ದರೆ ಸಾಕಿತ್ತು. ಮಹಾರೇರಾದ ಜಾಲತಾಣದಲ್ಲಿ ಕಾಣುವ ಪ್ರತಿಯನ್ನೇ ಮೂಲವೆಂದು ತಿಳಿಯಬಾರದು.

ಇಂಜಿನಿಯರ್ ಆ ಪಾಲಿಕೆಯಲ್ಲಿ ನೋಂದಾಯಿತರೇ, ವಾಸ್ತುಶಿಲ್ಪಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನ ಪಟ್ಟಿಯಲ್ಲಿದ್ದಾರೆಯೇ ಎಂದು ಕೇಳುವುದರಲ್ಲಿ ಸಂಕೋಚವಿಲ್ಲ. ಬಿಲ್ಡರೋ ದಲ್ಲಾಳಿಯೋ ಹೆಸರು ಸೂಚಿಸಿದರೆ ನಯವಾಗಿ ಬೇಡವೆನ್ನಿ. ನೀವು ಗೊತ್ತುಮಾಡುವ ಇಂಜಿನಿಯರ್ ಹಿಂದೆ ಬರೆದ ವರದಿಯೊಂದನ್ನು, ಮನೆಯ ಗುರುತು ಮರೆಸಿ, ತೋರಿಸಲು ಕೇಳಿ. ಎಲ್ಲ ಚೆನ್ನಾಗಿದೆ, ಚಿಂತೆ ಬೇಡ ಎಂದು ಎರಡು ಪುಟದಲ್ಲಿ ಮುಗಿಸಿದವರನ್ನು ಬಿಡಿ. ಯಾವ ಗೋಡೆ, ಯಾವ ತೊಲೆ, ಎಷ್ಟು ತೇವ, ಯಾವ ಭಾಗಕ್ಕೆ ತಮಗೆ ಪ್ರವೇಶ ಸಿಗಲಿಲ್ಲ, ದುರಸ್ತಿಗೆ ಅಂದಾಜು ಎಷ್ಟು ಎಂದು ಫೋಟೋ ಸಮೇತ ಬರೆದವರನ್ನು ಹಿಡಿಯಿರಿ. ಸಾಧ್ಯವಾದರೆ ತಪಾಸಣೆ ಜುಲೈ-ಆಗಸ್ಟಿನಲ್ಲಿ ಆಗಲಿ. ಮಾರ್ಚಿನಲ್ಲಿ ಹೊಸ ಬಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ಉಲ್ಹಾಸ್ ನದಿಯ ಬದಿಗಿದ್ದರೆ ನೀರಾವರಿ ಇಲಾಖೆಯ ನೆರೆ ಗುರುತಿನ ನೀಲಿ ರೇಖೆ, ಕೆಂಪು ರೇಖೆಗಳ ಒಳಗೆ ಜಾಗ ಬರುತ್ತದೆಯೇ ಎಂದೂ ನೋಡಿಸಿ. 2005ರ ಜುಲೈ 26ರ ನೆರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಚ್ಚಹೊಸ ಫ್ಲ್ಯಾಟಿನವರೂ ಇದನ್ನು ಬಿಡಬಾರದು. ರೇರಾ ಕಾಯ್ದೆಯ 14ನೆಯ ಕಲಮಿನಂತೆ, ಸ್ವಾಧೀನ ಪಡೆದ 5 ವರ್ಷದೊಳಗೆ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ತೋರಿಸಿಕೊಟ್ಟರೆ ಬಿಲ್ಡರು 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಕೀಲಿಕೈ ತೆಗೆದುಕೊಳ್ಳುವ ದಿನದ ತಪಾಸಣೆ ವರದಿ ಕೈಯಲ್ಲಿದ್ದರೆ ಆ ಹಕ್ಕಿಗೆ ಬಲ ಬರುತ್ತದೆ.

ಖರ್ಚಿನ ಮಾತು ಬಂದರೆ, ದಲ್ಲಾಳಿಗೆ ಶೇ 1ರಿಂದ 2ರಷ್ಟು ಕಮಿಷನ್ ಚೌಕಾಶಿಯಿಲ್ಲದೆ ಕೊಡುತ್ತೇವೆ, ಮಾಡ್ಯುಲರ್ ಕಿಚನ್‌ಗೆ ಲಕ್ಷಗಳನ್ನು ಸುರಿಯುತ್ತೇವೆ. ಒಂದು ಬೆಡ್‌ರೂಮಿನ ಮನೆಯ ತಪಾಸಣೆಗೆ ಅದರ ಚಿಕ್ಕ ಪಾಲು ಸಾಕು. ಎರಡು ಗ್ರಾಂ ಬಂಗಾರ ಕೊಳ್ಳುವಾಗಲೂ ಹಾಲ್‌ಮಾರ್ಕ್ ಹುಡುಕುವ ನಾವು, ಇಪ್ಪತ್ತು ವರ್ಷದ ಸಾಲವನ್ನು ಊರಿನ ಪರಿಚಯದವರ ಒಂದು ಮಾತಿನ ಮೇಲೆ ತಲೆಗೆ ಕಟ್ಟಿಕೊಳ್ಳುತ್ತಿದ್ದೇವೆ. ಮಂಗಳೂರು, ಉಡುಪಿ, ಉತ್ತರ ಕನ್ನಡ, ವಿಜಯಪುರ, ಕಲಬುರಗಿಗಳಿಂದ ಬಂದು, ಮುಂಬಯಿಯ ಚಾಳಿನ ಕೋಣೆಯಲ್ಲಿ ದಿನ ಕಳೆದು, ಹೋಟೆಲಿನ ದುಡಿಮೆಯಲ್ಲೋ ಕಾರಖಾನೆಯ ಪಗಾರದಲ್ಲೋ ಉಳಿಸಿ ಡೊಂಬಿವಲಿ-ಕಲ್ಯಾಣಿಗೆ ಬಂದ ತಲೆಮಾರಿನವರಿಗೆ ನಂಬಿಕೆಯೇ ಬಂಡವಾಳವಾಗಿತ್ತು. ಅವರು ಕೊಂಡ ಲಿಫ್ಟಿಲ್ಲದ ನಾಲ್ಕಂತಸ್ತಿನ ಕಟ್ಟಡಗಳಿಗೆ ಈಗ ನಲವತ್ತರ ಮೇಲೆ ವಯಸ್ಸಾಗಿದೆ, ಅವು ಮತ್ತೆ ಮಾರಾಟಕ್ಕೆ ಬರುತ್ತಿವೆ. ಕೊಳ್ಳುತ್ತಿರುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಠಾಣೆ, ಡೊಂಬಿವಲಿ, ಕಲ್ಯಾಣ್, ವಾಶಿಗಳ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿ. ನೀವು ಶಾಲೆ ನಡೆಸುತ್ತೀರಿ, ವಿದ್ಯಾರ್ಥಿವೇತನ ಕೊಡುತ್ತೀರಿ, ಆರೋಗ್ಯ ಶಿಬಿರ ಮಾಡುತ್ತೀರಿ. ನಿಮ್ಮ ಸದಸ್ಯರಲ್ಲೇ ಸಿವಿಲ್ ಇಂಜಿನಿಯರುಗಳಿದ್ದಾರೆ, ವಾಸ್ತುಶಿಲ್ಪಿಗಳಿದ್ದಾರೆ, ಹೈಕೋರ್ಟಿನಲ್ಲಿ ವಕೀಲಿ ಮಾಡುವವರಿದ್ದಾರೆ. ತಿಂಗಳಿಗೊಂದು ಭಾನುವಾರ ಅವರನ್ನು ಸಂಘದ ಕಚೇರಿಯಲ್ಲಿ ಕೂರಿಸಿ, ಮನೆ ಕೊಳ್ಳಲು ಹೊರಟವರ ಕಾಗದ ನೋಡಲು ಹೇಳಿ. ಸ್ವತಂತ್ರವಾಗಿ ತಪಾಸಣೆ ಮಾಡುವ ನೋಂದಾಯಿತ ಇಂಜಿನಿಯರುಗಳ ಪಟ್ಟಿಯೊಂದನ್ನು ಫಲಕದ ಮೇಲೆ ಹಾಕಿ. ಮುಂದಿನ ಮಳೆಗಾಲಕ್ಕೆ ಮುಂಚೆ ಇದು ಶುರುವಾಗಲಿ.